ಮದಗ ನಡವಳಿ ಪುಸ್ತಕಕ್ಕೆ ಏರಿದ ಬಗೆ

ಗ್ರಾಮಸಭೆಯಲ್ಲಿ ಆಡಿದ ಮಾತು ಕಡೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಈಚೆಗೆ ಹೆಬ್ರಿ ಕಡೆಯ ಸಂಘದ ಹೆಂಗಸರು ಫೋನ್ ಮಾಡಿ, ತಮ್ಮೂರ ಕೆರೆಗೂ ಮಣ್ಣು ಬೀಳುತ್ತಿದೆ, ನಿಮ್ಮಲ್ಲಿ ನಿರ್ಣಯ ಮಾಡಿಸಿದ್ದು ಹೇಗೆ ಎಂದು ವಿಚಾರಿಸಿದರು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ. ಬರೆದಿಟ್ಟರೆ ಇನ್ನೂ ನಾಲ್ಕು ಊರಿನವರಿಗೆ ಉಪಯೋಗಕ್ಕೆ ಬಂದೀತು ಎಂದು ಕೂತಿದ್ದೇನೆ.

ನಮ್ಮದು ಉಡುಪಿಯಿಂದ ಒಳಗೆ, ಸ್ವರ್ಣಾ ನದಿಗೆ ಸೇರುವ ತೋಡೊಂದರ, ಅಂದರೆ ಸಣ್ಣ ಹಳ್ಳದ, ಬದಿಯ ಊರು. ಮೇಲೆ ಮುರಕಲ್ಲಿನ ಪದವು ಎಂದರೆ ಬಯಲುಗುಡ್ಡ, ಕೆಳಗೆ ಬೈಲು ಎಂದರೆ ತಗ್ಗಿನ ಗದ್ದೆಗಳು, ನಡುವೆ ಮದಗ ಎಂದು ನಾವು ಕರೆಯುವ ಕೆರೆ. ಪದವಿನ ಮೇಲೆ ಬಿದ್ದ ಮಳೆನೀರು ಮದಗದಲ್ಲಿ ನಿಂತು, ತೋಡಿಗೆ ಇಳಿದು, ಬೈಲಿನ ಗದ್ದೆಗಳಿಗೆ ಹರಿಯುತ್ತದೆ. ತೋಡಿನ ಕೆಳಭಾಗದಲ್ಲಿ ಕಿಂಡಿ ಅಣೆಕಟ್ಟು ಉಂಟು. ಮಳೆ ನಿಂತ ಮೇಲೆ ಅದಕ್ಕೆ ಹಲಗೆ ಹಾಕಿದರೆ ಸುಗ್ಗಿ ಬೆಳೆಗೆ ನೀರಾಗುತ್ತದೆ, ಸುತ್ತಲಿನ ಬಾವಿಗಳೂ ಮಾರ್ಚ್ ತನಕ ಬತ್ತುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಏಪ್ರಿಲ್ ಬಂತೆಂದರೆ ಟ್ಯಾಂಕರ್ ಹುಡುಕಬೇಕಾಗಿ ಬರುವುದು ಇಂಥ ಮದಗಗಳು ಒಂದೊಂದಾಗಿ ಹೋದದ್ದರಿಂದಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಉಡುಪಿ ನಗರಕ್ಕೆ ಕುಡಿಯುವ ನೀರು ಹೋಗುವುದು ಇದೇ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ನಮ್ಮಂಥ ನೂರು ತೋಡುಗಳು ಬೇಸಗೆಯಲ್ಲೂ ಸ್ವಲ್ಪ ಸ್ವಲ್ಪ ನೀರು ಬಿಡುತ್ತಿದ್ದರೆ ತಾನೆ ಆ ನದಿ?

ನಾನು ಪಂಚಾಯತ್ ಸದಸ್ಯೆಯಲ್ಲ. ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿ, ಎಲ್ಲರೂ ಎಂಬಿಕೆ ಎಂದು ಕರೆಯುವ ಕೆಲಸ. ಸಂಘಗಳ ಸಾಲ, ಉಳಿತಾಯ, ಸಭೆಯ ನಡವಳಿ ಬರೆಯುವುದೇ ನನ್ನ ದಿನದ ಕೆಲಸ. ಊರಿನ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲೂ ನನ್ನ ಹೆಸರಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಪ್ರತಿ ಊರಿಗೂ ಇರಬೇಕಾದ ಸಮಿತಿ ಅದು. ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಹೆಚ್ಚಿನ ಊರುಗಳಲ್ಲಿ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಬಿಟ್ಟರೆ ಈ ಸಮಿತಿ ಇರುವುದೇ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಕೆಲಸ ಶುರುವಾದದ್ದು ಅಲ್ಲಿಂದ.

2024ರ ಮಳೆಗಾಲಕ್ಕೆ ಮೊದಲು ಮದಗದ ಮೂಡು ದಂಡೆಗೆ ಟಿಪ್ಪರ್‌ಗಳಲ್ಲಿ ಕೆಮ್ಮಣ್ಣು ಬಂದು ಬೀಳತೊಡಗಿತು. ಎಲ್ಲೋ ಗುಡ್ಡ ಕಡಿದ ಮಣ್ಣು. ಪಕ್ಕದ ಕೃಷಿ ಜಾಗ ಕನ್ವರ್ಷನ್ (ಭೂಪರಿವರ್ತನೆ) ಆಗಿದೆ, ಅಲ್ಲಿಗೆ ದಾರಿ ಮಾಡುತ್ತಿದ್ದಾರೆ ಎಂದರು. ಮಣ್ಣಿನ ರಾಶಿ ತೋಡಿನ ಬಾಯಿಯನ್ನು ಅರ್ಧ ಮುಚ್ಚಿತು. ಮಣ್ಣು ಹಾಕುವ ಜಾಗ ಎಂದು ಗೊತ್ತಾದ ಮೇಲೆ ರಾತ್ರಿ ಹೊತ್ತು ಕೋಳಿ ತ್ಯಾಜ್ಯದ ಗೋಣಿಗಳೂ ಬಂದು ಬಿದ್ದವು. ಜೂನ್‌ನಲ್ಲಿ ಮಳೆ ಹಿಡಿದಾಗ ನೀರು ತೋಡಿಗೆ ಹೋಗದೆ ಬೈಲಿನ ಮೇಲ್ಗದ್ದೆಗಳಲ್ಲಿ ನಿಂತಿತು. ನೇಜಿ (ಭತ್ತದ ಸಸಿ) ನೆಡಲು ಇಳಿದವರಲ್ಲಿ ಇಬ್ಬರಿಗೆ ಜುಲೈಯಲ್ಲಿ ಜ್ವರ ಬಂತು. ಕಣ್ಣು ಕೆಂಪು, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು. ಒಬ್ಬ ಅಕ್ಕನಿಗೆ ಕಾಮಾಲೆಯೂ ಸೇರಿ ದೊಡ್ಡ ಆಸ್ಪತ್ರೆಗೆ ಸೇರಿಸಬೇಕಾಯಿತು. ರಕ್ತ ಪರೀಕ್ಷೆಯಲ್ಲಿ ಇಲಿಜ್ವರ ಎಂದು ಬಂತು. ಅದೇ ತಿಂಗಳು ಮೇಲಿನ ಕಾಲನಿಯಲ್ಲಿ ಡೆಂಗ್ಯೂ.

ಇಲಿಜ್ವರ ಕರಾವಳಿಗೆ ಹೊಸತಲ್ಲ. ಇಲಿಯ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ನಿಂತ ನೀರಿಗೆ ಸೇರಿ, ಕಾಲಿನ ಬಿರುಕು, ಗಾಯಗಳ ಮೂಲಕ ಮೈಯೊಳಗೆ ಹೋಗುತ್ತದೆ. ಬೇಗ ಔಷಧಿ ಸಿಕ್ಕಿದರೆ ಗುಣವಾಗುತ್ತದೆ, ತಡವಾದರೆ ಮೂತ್ರಪಿಂಡ, ಯಕೃತ್ತನ್ನು ಹಿಡಿಯುತ್ತದೆ. ಗದ್ದೆಗೆ ಇಳಿಯುವವರು ಗಂಬೂಟು ಹಾಕಬೇಕೆಂದು ಪೋಸ್ಟರ್‌ನಲ್ಲಿ ಇರುತ್ತದೆ. ಕೆಸರಿನಲ್ಲಿ ಗಂಬೂಟು ಹಾಕಿ ನೇಜಿ ನೆಟ್ಟವರನ್ನು ನಾನು ನೋಡಿಲ್ಲ, ಮೊದಲ ಹೆಜ್ಜೆಗೇ ಬೂಟು ಕೆಸರಿನಲ್ಲಿ ಉಳಿಯುತ್ತದೆ. ಕೋಳಿ ತ್ಯಾಜ್ಯ ಬಿದ್ದಲ್ಲಿ ಇಲಿ ಬರುತ್ತದೆ, ಇಲಿ ಇರುವಲ್ಲಿ ನೀರು ನಿಂತರೆ ಜ್ವರ ಬರುತ್ತದೆ. ಮದಗದ ದಂಡೆಗೆ ಬಿದ್ದ ಮಣ್ಣಿಗೂ ಆಸ್ಪತ್ರೆಯಲ್ಲಿ ಮಲಗಿದ ಅಕ್ಕನಿಗೂ ಇರುವ ಸಂಬಂಧ ನಮಗೆಲ್ಲ ಕಣ್ಣೆದುರೇ ಇತ್ತು.

ವಾರ್ಡ್ ಸಭೆಯಲ್ಲಿ ಇದನ್ನೇ ಹೇಳಿದೆವು. ನಮ್ಮಲ್ಲಿ ವಾರ್ಡ್ ಸಭೆ ಎಂದರೆ ಶಾಲೆಯ ಕೋಣೆಯಲ್ಲಿ ಮೂವತ್ತು ನಲವತ್ತು ಜನ, ಮನೆ, ಶೌಚಾಲಯ, ಬೀದಿದೀಪದ ಪಟ್ಟಿ. ಅವತ್ತು ಹೆಂಗಸರು ಜಾಸ್ತಿ ಬಂದಿದ್ದರು. ಎಲ್ಲರೂ ಮಾತಾಡಿದರು, ಸದಸ್ಯರು ಹೌದೆಂದರು. ಆಮೇಲೆ ನಡವಳಿಯ ಪ್ರತಿ ಕೇಳಿ ಪಡೆದು ನೋಡಿದಾಗ ಎರಡು ಕಡೆ ಎರಡು ಸಾಲು ಸಿಕ್ಕಿತು. ಆರೋಗ್ಯ ಎಂಬ ತಲೆಬರಹದ ಕೆಳಗೆ, ಜ್ವರ ಹರಡದಂತೆ ಕ್ರಮ ಕೈಗೊಳ್ಳಲು ಚರ್ಚಿಸಲಾಯಿತು ಎಂದು. ಕಂದಾಯದ ಕೆಳಗೆ, ಕೆರೆಯ ಬಗ್ಗೆ ಸಂಬಂಧಪಟ್ಟ ಇಲಾಖೆಗೆ ಬರೆಯಲು ತಿಳಿಸಲಾಯಿತು ಎಂದು. ಯಾವ ಕೆರೆ, ಯಾವ ಸರ್ವೆ ನಂಬರ್, ಯಾರು ಬರೆಯಬೇಕು, ಯಾವಾಗ, ಒಂದೂ ಇಲ್ಲ. ಆರೋಗ್ಯ ಇಲಾಖೆಯವರು ಬಂದು ಫಾಗಿಂಗ್ ಮಾಡಿ ಹೋದರು. ಕಂದಾಯದವರಿಗೆ ಪತ್ರ ಹೋಗಲೇ ಇಲ್ಲ.

ನಮ್ಮ ಸಂಘದಲ್ಲಿ ಇಷ್ಟು ಸಡಿಲ ನಡವಳಿ ಬರೆದರೆ ಬ್ಯಾಂಕಿನವರು ಸಾಲದ ಅರ್ಜಿ ವಾಪಸ್ ಕಳಿಸುತ್ತಾರೆ. ಯಾರಿಗೆ, ಎಷ್ಟು, ಯಾವ ದಿನಾಂಕದೊಳಗೆ, ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು, ಇಷ್ಟೂ ಇದ್ದರೆ ಮಾತ್ರ ಅದು ನಿರ್ಣಯ. ಮುಂದಿನ ಗ್ರಾಮಸಭೆಗೆ ಹೋಗುವಾಗ ಕಾಗದಪತ್ರ ಸಮೇತ ಹೋಗಬೇಕು, ಮಣ್ಣು ಮತ್ತು ಜ್ವರ ಎರಡನ್ನೂ ಒಂದೇ ನಿರ್ಣಯದಲ್ಲಿ ತರಬೇಕು ಎಂದು ಒಕ್ಕೂಟದ ಸಭೆಯಲ್ಲಿ ಮಾತಾಯಿತು. ಬೇರೆ ಬೇರೆ ಮಾಡಿದರೆ ಬೇರೆ ಬೇರೆ ಕಡತದಲ್ಲಿ ಸಾಯುತ್ತದೆ.

ಮೊದಲು ಬೇಕಾದದ್ದು ಮದಗದ ದಾಖಲೆ. ಅಷ್ಟು ದೊಡ್ಡ ನೀರು ಎಲ್ಲರಿಗೂ ಕಾಣುತ್ತದೆ, ಆದರೆ ಅದರ ನಂಬರ್ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ತಂಗಿಯ ಮಗ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿ ದಂಡೆಯ ಮೇಲೆ ನಿಂತ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಆ್ಯಪ್ ಅದು, ಸರ್ಕಾರದ್ದೇ. ಆ ನಂಬರ್ ಹಿಡಿದು ಆರ್‌ಟಿಸಿ (ಪಹಣಿ) ತೆಗೆಸಿದಾಗ ಸರ್ಕಾರಿ ಕೆರೆ ಎಂದು ಸ್ಪಷ್ಟವಾಗಿ ಇತ್ತು, ವಿಸ್ತೀರ್ಣವೂ ಎಕರೆ, ಸೆಂಟ್ಸ್ ಲೆಕ್ಕದಲ್ಲಿ ಇತ್ತು. ಗ್ರಾಮ ನಕ್ಷೆಗೆ ಬೇರೆ ಅರ್ಜಿ, ಬೇರೆ ಶುಲ್ಕ. ಗ್ರಾಮ ಆಡಳಿತಾಧಿಕಾರಿ ಹೊಸಬರು, ಮೂರು ಗ್ರಾಮಗಳ ಜವಾಬ್ದಾರಿ ಅವರೊಬ್ಬರ ಮೇಲೆ. ನಮಗೆ ನಿಜವಾಗಿ ಸಹಾಯ ಮಾಡಿದ್ದು ಊರಿನ ಉಗ್ರಾಣಿ, ಅಂದರೆ ಕಂದಾಯ ಇಲಾಖೆಯ ಗ್ರಾಮ ಸಹಾಯಕರು. ಹಳೆಯ ಗಡಿಕಲ್ಲು ಎಲ್ಲಿ ಹೂತಿದೆ, ತೋಡು ಮೊದಲು ಯಾವ ದಾರಿಯಲ್ಲಿ ಹರಿಯುತ್ತಿತ್ತು, ಯಾವ ವರ್ಷ ಯಾರು ಹೂಳೆತ್ತಿದರು, ಎಲ್ಲ ಅವರ ಬಾಯಲ್ಲೇ ಇತ್ತು. "ನಕ್ಷೆಯಲ್ಲಿ ತೋಡು ಉಂಟಕ್ಕ, ನೀವು ಅದನ್ನೂ ಬರೆಸಿ. ಕೆರೆ ಮಾತ್ರ ಬರೆಸಿದರೆ ಕೆರೆ ಉಳಿದೀತು, ನೀರು ಹೋಗುವ ದಾರಿ ಉಳಿಯಲಿಕ್ಕಿಲ್ಲ" ಎಂದರು. ಇಡೀ ಕೆಲಸದಲ್ಲಿ ನನಗೆ ಸಿಕ್ಕಿದ ಅತ್ಯಂತ ಬೆಲೆಬಾಳುವ ಸಲಹೆ ಅದು.

ಕಾನೂನಿನ ಬಗ್ಗೆ ತಾಲೂಕಿನ ಒಬ್ಬ ವಕೀಲ ಮೇಡಂ ಹೇಳಿಕೊಟ್ಟರು. ಕೆರೆ, ತೋಡು, ಹಳ್ಳಗಳು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸರ್ಕಾರದ ಸ್ವತ್ತು. ಒತ್ತುವರಿ ತೆರವು ಮಾಡಿಸುವ ಅಧಿಕಾರ ತಹಶೀಲ್ದಾರರಿಗೆ ಇದೆ, ಪಂಚಾಯತ್‌ಗೆ ನೇರವಾಗಿ ಇಲ್ಲ. 2001ರಲ್ಲಿ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆರೆ, ಕುಂಟೆ, ಕಾಡುಗಳು ಸಮುದಾಯದ ಸಂಪತ್ತು ಎಂದಿದೆ. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮದ ಸಾಮೂಹಿಕ ಜಾಗಗಳ ಒತ್ತುವರಿ ತೆಗೆಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ಹಾಗಾದರೆ ಗ್ರಾಮಸಭೆಯ ನಿರ್ಣಯದಿಂದ ಏನು ಪ್ರಯೋಜನ ಎಂದು ನಾನು ಕೇಳಿದೆ. "ತಹಶೀಲ್ದಾರರ ಮೇಜಿನ ಮೇಲೆ ನಿಮ್ಮ ಒಬ್ಬರ ಅರ್ಜಿ ಇದ್ದರೆ ಅದು ನೆರೆಕರೆಯ ಜಗಳ. ಪಂಚಾಯತ್ ನಿರ್ಣಯ ಇದ್ದರೆ ಅದು ಊರಿನ ಬೇಡಿಕೆ" ಎಂದರು. ಜೊತೆಗೆ ನೈರ್ಮಲ್ಯ, ಚರಂಡಿ, ತ್ಯಾಜ್ಯ, ಕಟ್ಟಡ ಪರವಾನಗಿ, ನರೇಗಾದಂಥ ಉದ್ಯೋಗ ಯೋಜನೆಯ ಕಾಮಗಾರಿ, ಇವೆಲ್ಲ ಪಂಚಾಯತ್‌ನ ಕೈಯಲ್ಲೇ ಇರುವುದು. ಸಂವಿಧಾನದ 11ನೇ ಅನುಸೂಚಿಯಲ್ಲಿರುವ 29 ವಿಷಯಗಳಲ್ಲಿ ಮಣ್ಣಿನ ಸಂರಕ್ಷಣೆಯೂ ಉಂಟು, ಸಣ್ಣ ನೀರಾವರಿಯೂ ಉಂಟು, ಆರೋಗ್ಯ ಮತ್ತು ನೈರ್ಮಲ್ಯವೂ ಉಂಟು. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎನ್ನಲು ಪಂಚಾಯತ್‌ಗೆ ದಾರಿಯಿಲ್ಲ.

ಆದರೆ ಊರಿನಲ್ಲಿ ಇನ್ನೊಂದು ಮಾತು ಹಬ್ಬಿತ್ತು. ನುಸಿ (ಸೊಳ್ಳೆ) ಆಗುವುದೇ ಮದಗದಿಂದ, ಅದನ್ನು ಮುಚ್ಚಿದರೆ ಡೆಂಗ್ಯೂ ಹೋಗುತ್ತದೆ ಎಂದು. ಮೇಲಿನ ಕಾಲನಿಯಲ್ಲಿ ಜ್ವರ ಬಂದ ಮಕ್ಕಳ ತಾಯಂದಿರೇ ಹಾಗೆ ಹೇಳುವಾಗ ಎದುರು ಮಾತಾಡುವುದು ಸುಲಭವಲ್ಲ. ಮಗು ಜ್ವರದಲ್ಲಿ ನರಳಿದ್ದನ್ನು ಕಂಡ ತಾಯಿಯ ಸಿಟ್ಟು ಅದು. ಉತ್ತರ ಬಾಯಿಮಾತಿನಲ್ಲಿ ಕೊಟ್ಟರೆ ಆಗುವುದಿಲ್ಲ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ನಿರೀಕ್ಷಣಾಧಿಕಾರಿಯನ್ನು ಕರೆಸಿದೆವು. ಕಾಲನಿಯ ಹೆಂಗಸರನ್ನೂ ಜೊತೆಗೆ ಬರಹೇಳಿದೆವು.

ನಿರೀಕ್ಷಣಾಧಿಕಾರಿ ಬಂದದ್ದು ಉದ್ದ ಹಿಡಿಯ ಬಿಳಿ ಸೌಟು ಹಿಡಿದು. ಲಾರ್ವಾ ನೋಡಲಿಕ್ಕೆಂದೇ ಇರುವ ಸೌಟು. ಮೊದಲು ಮದಗದ ಪಡು ದಂಡೆಯಲ್ಲಿ, ಮಣ್ಣು ಬೀಳದ ಕಡೆ, ಮೆಟ್ಟಿಲ ಹತ್ತಿರ ಬೇರೆ ಬೇರೆ ಜಾಗದಲ್ಲಿ ಅದ್ದಿ ಎತ್ತಿದರು. ನೀರು, ಒಂದೆರಡು ಎಲೆ, ಒಂದು ಸಲ ಬೆರಳಿನ ಉಗುರಿನಷ್ಟು ಮೀನಿನ ಮರಿ. ಲಾರ್ವಾ ಇಲ್ಲ. "ಮೀನಿರುವ ನೀರಿನಲ್ಲಿ ನುಸಿಯ ಮರಿ ಉಳಿಯುವುದು ಕಷ್ಟ ಅಮ್ಮ. ನಾವೇ ಬಾವಿಗಳಿಗೆ ಗಪ್ಪಿ ಮೀನು ತಂದು ಬಿಡುವುದು ಅದಕ್ಕೇ" ಎಂದರು. ಆಮೇಲೆ ಮಣ್ಣು ಹಾಕಿದ ಕಡೆ ಬಂದೆವು. ಟಿಪ್ಪರ್‌ನ ಚಕ್ರ ಹೂತ ಗುಂಡಿಗಳಲ್ಲಿ ಮದಗದಿಂದ ತುಂಡಾಗಿ ನಿಂತ ಕೆಂಪು ನೀರು. ಸೌಟು ಎತ್ತಿದ ಕೂಡಲೇ ಬಿಳಿಯ ತಳದಲ್ಲಿ ಹತ್ತಾರು ಮರಿಗಳು ಕೊಂಕಿ ಕೊಂಕಿ ಓಡಾಡಿದವು. ಗೋಣಿಗಳಿಗೆ ಮುಚ್ಚಿದ್ದ ಟಾರ್ಪಾಲಿನ ಮಡಿಕೆಯಲ್ಲಿ ನಿಂತ ಮಳೆನೀರನ್ನು ಸೌಟಿಗೆ ಬಗ್ಗಿಸಿದರೆ ಅದರಲ್ಲೂ ಇದ್ದವು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ, ವಾರ ಹತ್ತು ದಿನದಲ್ಲಿ ಹಾರುವ ಸೊಳ್ಳೆ ಆಗುತ್ತದೆ ಎಂದು ಅವರು ವಿವರಿಸಿದರು. ಕಾಲನಿಯ ಒಬ್ಬ ಅಮ್ಮ ಸೌಟನ್ನು ತಾನೇ ಕೈಗೆ ತೆಗೆದುಕೊಂಡು ಪುನಃ ಮದಗಕ್ಕೆ ಹೋಗಿ ಅದ್ದಿ ನೋಡಿದರು. ಪುನಃ ಇಲ್ಲ. ಗ್ರಾಮಸಭೆಯಲ್ಲಿ ಮೊದಲು ಎದ್ದು ನಿಂತು ಮಾತಾಡಿದ್ದು ಅವರೇ.

ಆರೋಗ್ಯ ಕೇಂದ್ರದಿಂದ ಲಿಖಿತ ವರದಿ ಬೇಕೆಂದು ಕೇಳಿದೆವು. ವೈದ್ಯಾಧಿಕಾರಿ ಒಂದು ಪುಟದಲ್ಲಿ ಬರೆದುಕೊಟ್ಟರು. ಜ್ವರದ ಪ್ರಕರಣ ಇರುವ ವಾರ್ಡ್, ಲಾರ್ವಾ ಕಂಡ ಜಾಗಗಳು, ತ್ಯಾಜ್ಯ ಮತ್ತು ಇಲಿ, ನೀರು ಹರಿದುಹೋಗಲು ಆಗಿರುವ ತಡೆ, ಎಲ್ಲವೂ ಅದರಲ್ಲಿತ್ತು. ರೋಗಿಗಳ ಹೆಸರು ಹಾಕಲಿಲ್ಲ, ಹಾಕಲೂ ಬಾರದು. ಈ ಒಂದು ಪುಟ ಇಲ್ಲದಿದ್ದರೆ ನಮ್ಮ ನಿರ್ಣಯ ನಿಲ್ಲುತ್ತಿರಲಿಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಕೋರಂಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಬೇಕು. ಸಹಿ ಪುಸ್ತಕ ತುಂಬಿದರೆ ಕೋರಂ ಆಯಿತು ಎಂದು ನಡೆಸುವ ಸಭೆಗಳನ್ನೂ ಕಂಡಿದ್ದೇವೆ, ಅದಕ್ಕೆ ಈ ಸಲ ಸಂಘಗಳಲ್ಲಿ ಮೊದಲೇ ಹೇಳಿ ಜನ ಸೇರಿಸಿದೆವು. ಹೆಂಗಸರು ಮಧ್ಯಾಹ್ನ ತಾವು ಕಟ್ಟಿದ ಬೀಡಿ ಕೊಡಲು ಹೋಗುವ ದಿನ ಬಿಟ್ಟು ಬೇರೆ ದಿನ ಸಭೆ ಇಡಿ ಎಂದು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿಕೊಂಡದ್ದೂ ಉಪಯೋಗವಾಯಿತು. ಅಷ್ಟರಲ್ಲಿ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ಎಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಡುವ ಜಾಗದವರಿಗೆ ದಂಡ ಹಾಕುವ ನಿಯಮ ತಂದಿತ್ತು. ಮನೆಗಳಿಗೆ ಮಾತ್ರವಲ್ಲ, ಖಾಲಿ ನಿವೇಶನ, ಕಟ್ಟಡ ಕಾಮಗಾರಿಯ ಜಾಗಗಳಿಗೂ ಅದು ಅನ್ವಯ. ಅದರ ಪ್ರತಿಯನ್ನೂ ಫೈಲಿಗೆ ಸೇರಿಸಿದೆವು.

ಸಭೆಯಲ್ಲಿ ವಿರೋಧ ಬರಲಿಲ್ಲ ಎಂದಲ್ಲ. ಮಣ್ಣು ಹಾಕಿಸಿದವರ ಕಡೆಯವರು ಬಂದಿದ್ದರು. ತಾವು ಮಾಡುತ್ತಿರುವುದು ರಸ್ತೆ, ನಾಳೆ ಎಲ್ಲರಿಗೂ ಉಪಯೋಗಕ್ಕೆ ಬರುವಂಥದ್ದು ಎಂದರು. ಮದಗದ ಬಡಗು ಬದಿಯ ತುಂಡು ತಮ್ಮ ಕುಮ್ಕಿ ಎಂದೂ ಹೇಳಿದರು. ಕುಮ್ಕಿಯ ವಿಷಯ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಸೂಕ್ಷ್ಮ. ಕದೀಂ ವರ್ಗ ಜಾಗದಿಂದ, ಅಂದರೆ ಹಳೆಯ ಪಟ್ಟಾ ಜಾಗದಿಂದ, 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತೆಗೆಯುವ, ದನ ಮೇಯಿಸುವ ಸವಲತ್ತು ಮದ್ರಾಸ್ ಪ್ರಾಂತ್ಯದ ಕಾಲದಿಂದ ಬಂದದ್ದು. ಎಷ್ಟೋ ಬಡ ಕೃಷಿಕರು ಅದರ ಮೇಲೆಯೇ ತೋಟ ಮಾಡಿಕೊಂಡಿದ್ದಾರೆ, ಅವರಿಗೆ ಹಕ್ಕು ಸಿಗಬೇಕೆಂಬುದು ನನ್ನದೂ ಅಭಿಪ್ರಾಯ. ಆದರೆ ಸವಲತ್ತು ಬೇರೆ, ಒಡೆತನ ಬೇರೆ. ಸೊಪ್ಪು ಕಡಿಯುವ ಅನುಮತಿ ಕೆರೆ ಮುಚ್ಚುವ ಅನುಮತಿ ಆಗುವುದಿಲ್ಲ. ಇದನ್ನು ಸಭೆಯಲ್ಲಿ ಹೇಳಿದ್ದು ನಾನಲ್ಲ, ಸ್ವತಃ ಕುಮ್ಕಿಯಲ್ಲಿ ತೋಟ ಇರುವ ಒಬ್ಬ ಹಿರಿಯರು. "ಎಂತ ಮಾರಾಯ್ರೆ, ನಾನು ಐವತ್ತು ವರ್ಷ ಕುಮ್ಕಿ ಅನುಭವಿಸಿದವ. ನೀರಿಗೆ ಕುಮ್ಕಿ ಉಂಟು ಅಂತ ಇವತ್ತೇ ಕೇಳುವುದು" ಎಂದು ಅವರು ಹೇಳಿದ ಮೇಲೆ ಆ ವಾದ ಮುಂದುವರಿಯಲಿಲ್ಲ.

ನಿರ್ಣಯ ಬರೆಯುವ ಹೊತ್ತಿಗೆ ಗಂಟೆ ಎರಡಾಗಿತ್ತು, ಜನ ಏಳುತ್ತಿದ್ದರು. ಆಮೇಲೆ ಬರೆದುಕೊಳ್ಳುತ್ತೇವೆ ಎಂದು ಕಾರ್ಯದರ್ಶಿ ಪುಸ್ತಕ ಮುಚ್ಚಲು ಹೊರಟರು. ಬೇಡ ಸರ್, ಇಲ್ಲೇ ಓದಿ ಹೇಳಿ ಎಂದು ಹೆಂಗಸರು ಮುಂದಿನ ಸಾಲಿಗೆ ಬಂದು ಕೂತರು. ನಾವು ಬರೆದು ತಂದಿದ್ದ ಕರಡನ್ನು ಮುಂದಿಟ್ಟೆವು. ನೋಡಲ್ ಅಧಿಕಾರಿಯಾಗಿ ಬಂದಿದ್ದ ಪಶುವೈದ್ಯರು ತಾಳ್ಮೆಯಿಂದ ಒಂದೊಂದು ವಾಕ್ಯವನ್ನೂ ಸಭೆಗೆ ಓದಿದರು. ಕೆರೆಯ ಸರ್ವೆ ನಂಬರ್, ವಿಸ್ತೀರ್ಣ, ನಕ್ಷೆಯಲ್ಲಿರುವ ತೋಡು, ಮೂರೂ ಮೊದಲ ವಾಕ್ಯದಲ್ಲೇ ಬಂದವು. ಅಳತೆ ಮಾಡಿ ಗಡಿ ಗುರುತಿಸಿ ತುಂಬಿದ ಮಣ್ಣು ತೆರವು ಮಾಡಿಸಲು ತಹಶೀಲ್ದಾರರಿಗೆ ಹದಿನೈದು ದಿನದೊಳಗೆ ಪಿಡಿಒ ಬರೆಯಬೇಕು. ಮಣ್ಣು ಹಾಕಿದವರಿಗೆ, ತ್ಯಾಜ್ಯ ಎಸೆಯುವವರಿಗೆ ಪಂಚಾಯತ್ ನೋಟಿಸ್ ಕೊಡಬೇಕು. ತೋಡಿನ ಹೂಳನ್ನು ಮುಂದಿನ ಮಳೆಗೆ ಮೊದಲು ನರೇಗಾದಲ್ಲಿ ತೆಗೆಯಬೇಕು. ತೋಡಿಗೆ ತಾಗಿದ ಜಾಗಕ್ಕೆ 9/11 (ಪಂಚಾಯತ್ ಕೊಡುವ ನಮೂನೆ 9 ಮತ್ತು 11ರ ಆಸ್ತಿ ದಾಖಲೆ) ಅಥವಾ ಕಟ್ಟಡ ಪರವಾನಗಿ ಕೊಡುವ ಮೊದಲು ಗ್ರಾಮ ಆಡಳಿತಾಧಿಕಾರಿ ಸಮೇತ ಸ್ಥಳ ತನಿಖೆ ಆಗಬೇಕು. ನೇಜಿ ನೆಡುವ ಮೊದಲು ಗದ್ದೆ ಕೆಲಸದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆ ಆರೋಗ್ಯ ಕೇಂದ್ರಕ್ಕೆ ಕೊಡಬೇಕು, ವೈದ್ಯರು ಬೇಕೆಂದವರಿಗೆ ಇಲಿಜ್ವರ ಬಾರದಂತೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಬೇಕು. ಆ ಮಾತ್ರೆ ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಆಗುವುದಿಲ್ಲ, ಆದ್ದರಿಂದ ವೈದ್ಯರು ಎಂಬುದನ್ನು ಒತ್ತಿ ಬರೆಸಿದೆವು. ಆರೋಗ್ಯ ಕೇಂದ್ರದ ವರದಿಯನ್ನು ನಿರ್ಣಯದ ಭಾಗವೆಂದೇ ಲಗತ್ತಿಸಿದರು.

ಗ್ರಾಮಸಭೆಯಲ್ಲಿ ಆದದ್ದು ಪಂಚಾಯತ್‌ನ ಸಾಮಾನ್ಯ ಸಭೆಗೆ ಹೋಗಿ ಅಲ್ಲಿ ಮತ್ತೆ ನಿರ್ಣಯವಾಗಬೇಕು. ಹೆಚ್ಚಿನ ಜನರಿಗೆ ಗೊತ್ತಿಲ್ಲದ ಮೆಟ್ಟಿಲು ಇದು. ಅಲ್ಲಿ ನಾವು ಮಾತಾಡುವಂತಿಲ್ಲ, ಸದಸ್ಯರೇ ಸೂಚಿಸಿ ಅನುಮೋದಿಸಬೇಕು. ನಮ್ಮ ವಾರ್ಡಿನ ಸದಸ್ಯೆ ಸೂಚಿಸಿದರು, ಮೇಲಿನ ಕಾಲನಿಯ ಸದಸ್ಯರು ಅನುಮೋದಿಸಿದರು. ಎರಡು ಬೇರೆ ಪಕ್ಷದವರು. 9/11ರ ಅಂಶಕ್ಕೆ ಕೆಲವರು ಆಕ್ಷೇಪ ತೆಗೆದರಂತೆ, ಜನರಿಗೆ ಮನೆ ಕಟ್ಟಲು ತೊಂದರೆಯಾಗುತ್ತದೆ ಎಂದು. ತೋಡಿನ ಬದಿಗೆ ಮಾತ್ರ ಎಂದು ಸ್ಪಷ್ಟಪಡಿಸಿ ಉಳಿಸಿಕೊಂಡರು. ನಿರ್ಣಯ ಪಂಚಾಯತ್‌ಗಳ ಪಂಚತಂತ್ರ ತಂತ್ರಾಂಶಕ್ಕೆ ಏರಿದ ಮೇಲೆ ದೃಢೀಕೃತ ಪ್ರತಿ ಪಡೆದೆವು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಕ್ಕೂಟದ ಕಪಾಟಿನಲ್ಲಿ ಇಟ್ಟಿದ್ದೇವೆ.

ತಾಲೂಕು ಕಚೇರಿಯಲ್ಲಿ ಪತ್ರ ಕೆಲವು ತಿಂಗಳು ಮಲಗಿತು. ಸರ್ವೆಯರ್ ಕೊರತೆ ಎಂದರು, ಕಡತ ಬೇರೆ ಶಾಖೆಯಲ್ಲಿದೆ ಎಂದರು. ಆ ಅಲೆದಾಟವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಕಚೇರಿಗೆ ಹೋದವರಿಗೆಲ್ಲ ಗೊತ್ತಿರುವುದೇ. ಜನಸ್ಪಂದನ ಸಭೆಯಲ್ಲಿ ನಿರ್ಣಯದ ಪ್ರತಿಯನ್ನೂ ವೈದ್ಯಾಧಿಕಾರಿಯ ವರದಿಯನ್ನೂ ಒಟ್ಟಿಗೆ ಕೊಟ್ಟೆವು. ಮೇಲಿನ ಅಧಿಕಾರಿ ಎರಡನೆಯದನ್ನು ಓದಿ, ಇಲಿಜ್ವರದ ಪ್ರಕರಣ ಇರುವಾಗ ಮುಂದಿನ ಮಳೆಯವರೆಗೆ ಕಾಯುವಂತಿಲ್ಲ ಎಂದು ಅಲ್ಲಿಯೇ ಷರಾ ಬರೆದರು. ಬರೀ ಒತ್ತುವರಿಯ ಅರ್ಜಿಯಾಗಿದ್ದರೆ ಆ ದಿನ ಬಂದಿದ್ದ ರಾಶಿ ಅರ್ಜಿಗಳಲ್ಲಿ ಅದೂ ಒಂದಾಗುತ್ತಿತ್ತು.

ಸರ್ವೆಯರ್ ಬಂದದ್ದು ಫೆಬ್ರವರಿಯಲ್ಲಿ. ಕೋಲಿನ ತುದಿಗೆ ಸಿಕ್ಕಿಸಿದ ರೋವರ್ ಯಂತ್ರ ಹಿಡಿದು ಬಿಂದು ಬಿಂದು ಗುರುತಿಸುತ್ತ ಹೋದರು, ಹಿಂದೆ ಉಗ್ರಾಣಿ ಸುಣ್ಣದ ಪುಡಿ ಚೆಲ್ಲುತ್ತ ಬಂದರು. ಯಂತ್ರ ತೋರಿಸಿದ ಒಂದು ಮೂಲೆಯಲ್ಲಿ ಅಗೆದಾಗ ಉಗ್ರಾಣಿ ಹೇಳಿದ ಹಳೆಯ ಗಡಿಕಲ್ಲೇ ಸಿಕ್ಕಿತು, ಮೇಲೆ ಒಂದು ಮೊಳ ಕೆಮ್ಮಣ್ಣು. ಪಂಚನಾಮೆಗೆ ನಾವು ನಾಲ್ಕು ಹೆಂಗಸರು ಸಾಕ್ಷಿ ಸಹಿ ಹಾಕಿದೆವು. ಮೂಡು ದಂಡೆಯ ಮಣ್ಣನ್ನು 2025ರ ಮಳೆಗೆ ಮೊದಲು ತೆಗೆಸಿದರು. ತೋಡಿನ ಹೂಳೆತ್ತುವ ಕೆಲಸದಲ್ಲಿ ನಮ್ಮ ಸಂಘದವರೇ ಹೆಚ್ಚು ಇದ್ದರು. ಗೋಣಿ ಎಸೆಯುವ ಜಾಗದಲ್ಲಿ ಆರೋಗ್ಯ ಸಮಿತಿಯ ಮುಕ್ತ ನಿಧಿಯಿಂದ ಬೋರ್ಡ್ ಹಾಕಿದೆವು, ಪಂಚಾಯತ್ ಸೋಲಾರ್ ದೀಪ ಕೊಟ್ಟಿತು. ಆ ವರ್ಷ ನೇಜಿಯ ಹೊತ್ತಿಗೆ ಪಟ್ಟಿ ಪ್ರಕಾರ ಮಾತ್ರೆ ಹಂಚಿದರು. ಬೈಲಿನಲ್ಲಿ ಕೆಲಸ ಮಾಡಿದ ಯಾರಿಗೂ ಇಲಿಜ್ವರ ಬರಲಿಲ್ಲ. ಇದು ಮಾತ್ರೆಯಿಂದಲೋ, ನೀರು ಹರಿದುಹೋದದ್ದರಿಂದಲೋ ಎಂದು ವೈದ್ಯರನ್ನು ಕೇಳಿದೆ. ಒಂದು ಮಳೆಗಾಲ ನೋಡಿ ಹೇಳಲಾಗದು, ಎರಡನ್ನೂ ಬಿಡಬೇಡಿ ಎಂದರು.

ನನ್ನ ಅಕ್ಕನನ್ನು ಕೊಟ್ಟದ್ದು ಕಾಸರಗೋಡಿಗೆ. ಅಲ್ಲಿ 2008ರಿಂದ ಗದ್ದೆ ಮತ್ತು ತೇವಭೂಮಿ ಸಂರಕ್ಷಣೆಗೆಂದೇ ಕಾಯ್ದೆ ಉಂಟು. ಪಂಚಾಯತ್ ಅಧ್ಯಕ್ಷರು, ಕೃಷಿ ಅಧಿಕಾರಿ, ಗ್ರಾಮಾಧಿಕಾರಿ, ಕೃಷಿಕರು ಇರುವ ಸ್ಥಳೀಯ ಸಮಿತಿಯೊಂದಿದೆ, ಗದ್ದೆಗೆ ಮಣ್ಣು ತುಂಬಿಸುವ ಅರ್ಜಿ ಮೊದಲು ಅದರ ಮುಂದೆ ಬರುತ್ತಿತ್ತು ಎಂದು ಭಾವ ಹೇಳುತ್ತಾರೆ. ಅಲ್ಲಿಯೂ ಆಮೇಲೆ ತಿದ್ದುಪಡಿ, ಸಡಿಲಿಕೆ ಬಂದಿವೆ. ಆದರೂ ಪ್ರಶ್ನೆ ಕೇಳಲು ಒಂದು ಸಮಿತಿಯಾದರೂ ಇದೆ. ನಮ್ಮಲ್ಲಿ ಗದ್ದೆಯನ್ನು ಗದ್ದೆಯಾಗಿ ಉಳಿಸುವ ಅಂಥ ಕಾಯ್ದೆ ಇಲ್ಲ. ಉಡುಪಿಯಲ್ಲಿ 2021ರಲ್ಲಿ ಹಡಿಲು (ಪಾಳು) ಬಿಟ್ಟ ಗದ್ದೆಗಳನ್ನು ಪುನಃ ಉಳುವ ಆಂದೋಲನ ನಡೆದಾಗ ನಮ್ಮ ಬೈಲಿನಲ್ಲೂ ಕೆಲವು ಗದ್ದೆಗಳು ಹಸಿರಾದವು. ಉಳುವವರಿಗೆ ನೀರಿನ ದಾರಿ ಉಳಿಸಿಕೊಡದೆ ಉಳುಮೆ ಮಾಡಿ ಎಂದರೆ ಹೇಗೆ? ಕರಾವಳಿಯ ಬೈಲು, ತೋಡು, ಮದಗ ಮೂರನ್ನೂ ಒಟ್ಟಿಗೆ ಹಿಡಿಯುವ ಕಾನೂನು ನಮಗೂ ಬೇಕು. ಈ ಸಲದ ಗ್ರಾಮಸಭೆಯಲ್ಲಿ ಸರ್ಕಾರಕ್ಕೆ ಹಾಗೆ ಬರೆಯುವ ನಿರ್ಣಯವನ್ನೂ ಮಾಡಿಸಿದ್ದೇವೆ.

ಬಡಗು ಬದಿಯ ತುಂಡು ಇನ್ನೂ ತೀರ್ಮಾನವಾಗಿಲ್ಲ. ಕುಮ್ಕಿ ಎಂದವರು ಅಳತೆಯ ವಿರುದ್ಧ ಸಹಾಯಕ ಆಯುಕ್ತರ ಕೋರ್ಟಿಗೆ ಮೇಲ್ಮನವಿ ಹಾಕಿದ್ದಾರೆ, ಅಲ್ಲಿಯ ಮಣ್ಣು ಹಾಗೇ ಇದೆ. ತೋಡಿನ ಬದಿಯ ಜಾಗವೊಂದಕ್ಕೆ 9/11 ಕೇಳಿ ಬಂದ ಮೊದಲ ಅರ್ಜಿಯನ್ನು ಪಿಡಿಒ ನಿರ್ಣಯದ ಸಂಖ್ಯೆ ಉಲ್ಲೇಖಿಸಿ ಸ್ಥಳ ತನಿಖೆಗೆ ಕಳಿಸಿದರು. ಅರ್ಜಿದಾರರು ತಾಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಕೊಟ್ಟಿದ್ದಾರೆ. ವಿಚಾರಣೆಗೆ ನಮ್ಮನ್ನೂ ಕರೆದಿದ್ದಾರೆ, ಆರ್‌ಟಿಸಿ, ಗ್ರಾಮ ನಕ್ಷೆ, ಪಂಚನಾಮೆಯ ಪ್ರತಿ, ವೈದ್ಯಾಧಿಕಾರಿಯ ವರದಿ ಎಲ್ಲ ತೆಗೆದುಕೊಂಡು ಹೋಗುತ್ತಿದ್ದೇವೆ. ಕಾಲನಿಯ ಆ ಅಮ್ಮನೂ ಜೊತೆಗೆ ಬರುತ್ತಾರೆ.